ಬಾವಿಕಟ್ಟೆಯ ಮೇಲೆ ಕೂತವಳು

ನಮ್ಮ ಅಜ್ಜಿ ಈರಮ್ಮನಿಗೆ ಇಲ್ಲದವರು ಕಾಣುತ್ತಿದ್ದರು. ಅದನ್ನು ಅವಳೇನೂ ಮುಚ್ಚಿಡುತ್ತಿರಲಿಲ್ಲ. ರೊಟ್ಟಿ ಮುರಿಯುತ್ತ ಕೂತವಳು ನಡುವೆಯೇ ಸೊಸೆಗೆ, "ವಿಮಲಾ, ಗ್ವಾಡಿ ಮ್ಯಾಲ ಜರಿ ಟೊಪ್ಪಿಗಿ ಹುಡುಗ್ರು ಕೂತಾವ ನೋಡು, ಬಿದ್ದಾವು" ಎನ್ನುತ್ತಿದ್ದಳಂತೆ. ಅಡುಗೆಮನೆಯೊಳಗಿಂದ ಒಂಟೆಗಳು ಸಾಲಾಗಿ ಹಾದುಹೋಗುತ್ತಿದ್ದವು. ಹಸಿರು ರುಮಾಲಿನ ಗಂಡಸರು ಕಂಬಕ್ಕೆ ಒರಗಿ ನಿಲ್ಲುತ್ತಿದ್ದರು. ಔರಾದಿನಂಥ ಊರಿಗೆ ಒಂಟೆ ಎಲ್ಲಿಂದ ಬರಬೇಕು? ನಮ್ಮವ್ವ ವಿಮಲಾಬಾಯಿ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಸಂಜೆ ಹೊತ್ತು ಅಜ್ಜಿ, ಹಿತ್ತಲಿನ ಬಾವಿಕಟ್ಟೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಾಳೆ ಎಂದರೆ ಅವ್ವ ನಗುತ್ತಿರಲಿಲ್ಲ. ಯಾರಿಲ್ರಿ ಅತ್ತಿ ಎಂದು ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದಳು.

ಇದೆಲ್ಲ ನಾನು ತೊಟ್ಟಿಲಲ್ಲಿದ್ದಾಗಿನ ಮಾತು. ಮುಂದೆ ಅಜ್ಜಿಯೇ ನನಗೆ ಹೇಳಿದಳು. ಉಳಿದದ್ದನ್ನು ಅವ್ವನ ಬಾಯಿಂದ ಹಿಂಡಿ ಹಿಂಡಿ ತೆಗೆದೆ. ನಮ್ಮಪ್ಪ ಹಾವಗೆಪ್ಪ ಮಾತ್ರ ತುಟಿ ಬಿಚ್ಚಲಿಲ್ಲ. ಅವನ ಮೇಲೆ ನನಗೆ ಸಿಟ್ಟಿದೆ. ಅವನು ಸತ್ತು ಇಷ್ಟು ವರ್ಷವಾದ ಮೇಲೂ ಆ ಸಿಟ್ಟು ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ಇಲ್ಲ.

ನಮ್ಮವರ ಮೂಲ ಭಾತಂಬ್ರಾ ಕಡೆಯದು. ನಿಜಾಮರ ಕಡೆಯ ರಜಾಕಾರರ ಗದ್ದಲದಲ್ಲಿ ನಮ್ಮ ಕಿರಾಣಿ ಅಂಗಡಿ ಸುಟ್ಟುಹೋಯಿತು. ಅಂಗಡಿ ಬಿಡೆನೆಂದು ಕೂತ ಅಜ್ಜ ಮಡೆಪ್ಪನೂ ಅದರ ಜೊತೆ ಹೋದ. ಅಪ್ಪ ಅಜ್ಜಿಯನ್ನೂ ಅವ್ವನನ್ನೂ ಗಾಡಿಯಲ್ಲಿ ಹಾಕಿಕೊಂಡು ಗಡಿ ದಾಟಿ ಸೊಲ್ಲಾಪುರಕ್ಕೆ ಓಡಿದ. ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಳಿಕೆ ಮುಗಿದ ಮೇಲೆ ತಿರುಗಿ ಬಂದವನು ಸುಟ್ಟ ಮನೆಗೆ ಹೋಗದೆ ಔರಾದಿಗೆ ಬಂದ. ಇಲ್ಲೊಂದು ಮನೆ ಖಾಲಿ ಇತ್ತು. ಆ ವರ್ಷ ನಮ್ಮ ಸೀಮೆಯಲ್ಲಿ ಖಾಲಿ ಮನೆಗಳಿಗೇನೂ ಕೊರತೆಯಿರಲಿಲ್ಲ. ಯಾಕೆ ಖಾಲಿಯಾದವು ಎಂದು ಕೇಳುವವರು ಕಡಿಮೆ.

ಮನೆಯ ಹಿಂದೆ ಬಾವಿಯಿತ್ತು. ಅದರ ಬಾಯಿಗೆ ಹಾಸುಗಲ್ಲು ಮುಚ್ಚಿತ್ತು. ನೀರು ಸವಳು ಎಂದು ಅಪ್ಪ ಹೇಳಿದ. ಅಷ್ಟರಲ್ಲಾಗಲೇ ಅಜ್ಜಿಗೆ ಕಣ್ಣು ಮಸುಕಾಗಿತ್ತು, ಮಗ ಹೇಳಿದ್ದನ್ನು ನಂಬಿದಳು.

ಕಣ್ಣಿನ ಕತೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಣ್ಣವಳಿದ್ದಾಗ ಸಿಡುಬು ಎದ್ದು ಅಜ್ಜಿಯ ಬಲಗಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಉಳಿದಿತ್ತು. ನಮ್ಮ ಕಡೆ ಅದಕ್ಕೆ ಹೂ ಬೀಳುವುದು ಎನ್ನುತ್ತಾರೆ. ಈಗಿನವರು ಕಾರ್ನಿಯಾ ಕೆಟ್ಟಿದೆ ಎನ್ನುತ್ತಾರೆ. ಆ ಹೂವಿನ ಹಿಂದೆ ವಯಸ್ಸಿನ ಪೊರೆಯೂ ಬೆಳೆಯಿತು. ಎಡಗಣ್ಣಿಗೆ ಹೂ ಇರಲಿಲ್ಲ, ಬರೀ ಪೊರೆ. ಅದನ್ನು ಭಾಲ್ಕಿ ಸಂತೆಯಲ್ಲಿ ಸೂಜಿ ಹಾಕುತ್ತಿದ್ದ ಗೋರಖನಾಥ ಎಂಬುವನು ಹಿಂದೆಯೇ ತೆಗೆದಿದ್ದ. ತೆಗೆದಿದ್ದ ಎಂದರೆ ತಪ್ಪು. ಕಣ್ಣಿನ ಬಿಳಿಯಲ್ಲಿ ಸೂಜಿ ಚುಚ್ಚಿ ಪೊರೆಯನ್ನು ಕೆಳಗೆ ನೂಕಿದ್ದ. ಆ ವರ್ಷದ ದೀಪಾವಳಿಗೆ ಅಜ್ಜಿ ಹಣತೆಯ ಕುಡಿ ಕಂಡಳು. ಮರುವರ್ಷದ ದೀಪಾವಳಿಗೆ ಕಣ್ಣು ಬೇನೆ ತಿಂದು, ಬತ್ತಿ, ಒಳಗೆ ಸೇರಿತ್ತು. ಉಳಿದದ್ದು ಹೂ ಬಿದ್ದ ಕಣ್ಣೊಂದೇ.

ಲಿಂಗವಂತರ ಮನೆಯಲ್ಲಿ ಕಣ್ಣು ಹೋಗುವುದೆಂದರೆ ಬರೀ ಗೋಡೆ ತಡವುವುದಲ್ಲ. ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಎವೆಯಿಕ್ಕದೆ ನೋಡುವುದೇ ಪೂಜೆ. ಅಜ್ಜಿ ಅಂಗೈ ಮುಂದೆ ಹಿಡಿದು ಕೂತರೆ ಅಲ್ಲಿ ಲಿಂಗ ಕಾಣುತ್ತಿರಲಿಲ್ಲ, ಒಂಟೆ ಕಾಣುತ್ತಿತ್ತು. ಅದಕ್ಕಾಗಿ ಅಳುತ್ತಿದ್ದಳು. ನಮ್ಮಲ್ಲಿ ಭೂತ ಪಿಶಾಚಿ ನಂಬುವಂತಿಲ್ಲ, ಶರಣರು ಅದನ್ನೆಲ್ಲ ಗುಡಿಸಿ ಹಾಕಿದ್ದಾರೆ. ಹಾಗಾದರೆ ಬಾವಿಕಟ್ಟೆಯ ಹೆಂಗಸು ಯಾರು? ಮನೆಯಲ್ಲಿ ಸತ್ತವಳಿದ್ದಾಳೋ, ತನಗೇ ಹುಚ್ಚು ಹಿಡಿದಿದೆಯೋ? ಎರಡರಲ್ಲಿ ಯಾವುದೆಂದು ತಿಳಿಯದೆ ತಾನು ಸಾಯಬಾರದು ಎಂಬುದೊಂದೇ ಅವಳ ಹಟವಾಗಿತ್ತು.

ನಂಬುವುದಿಲ್ಲ ಎನ್ನುತ್ತಲೇ ಅಮಾವಾಸ್ಯೆಗೊಮ್ಮೆ ಎರಡು ರೊಟ್ಟಿ, ಒಂದು ಚೂರು ಬೆಲ್ಲ ಒಯ್ದು ಬಾವಿಕಟ್ಟೆಯ ಮೇಲೆ ಎಡೆ ಇಡುತ್ತಿದ್ದಳು. ಬೆಳಿಗ್ಗೆ ಎಲೆ ಖಾಲಿ.

"ನಾಯಿ ತಿಂದಿರ್ತಾವ ಬಿಡವ್ವ" ಎಂದು ಅಪ್ಪ ಅನ್ನುತ್ತಿದ್ದ.

"ನಾಯಿ ಎಲಿ ಮಡಚಿ ಇಟ್ಟು ಹೋಗ್ತಾವೇನೋ?" ಎಂದು ಅಜ್ಜಿ ಕೇಳಿದರೆ ಅಂಗಡಿಗೆ ಹೊತ್ತಾಯಿತು ಎಂದು ಹೊರಬೀಳುತ್ತಿದ್ದ.

ಭಾಲ್ಕಿಯಲ್ಲಿ ಅಜ್ಜಿಯ ತಂಗಿ ಶಾಂತಾಬಾಯಿ ಇದ್ದಳು. ಅವಳದು ಬಾಯಿ ಜೋರು. ಒಮ್ಮೆ ಔರಾದಿಗೆ ಬಂದವಳು, ಅಕ್ಕ ಅಂಗೈಯ ಲಿಂಗವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುವುದನ್ನು ಕಂಡು ಅಪ್ಪನನ್ನು ತರಾಟೆಗೆ ತೆಗೆದುಕೊಂಡಳು. ಬೀದರಿನ ದವಾಖಾನೆಗೆ ಹೈದರಾಬಾದಿನಲ್ಲಿ ಕಲಿತ ಕಣ್ಣಿನ ಡಾಕ್ಟರು ಬಂದಿದ್ದಾರೆ, ಕರೆದುಕೊಂಡು ಹೋಗಲು ನಿನಗೇನು ಧಾಡಿ ಎಂದಳು. ಅಪ್ಪನಿಗೆ ಊರಿನ ಮುಂದೆ ಮಾನ ಹೋಗುವುದು ಬೇಡವಾಗಿತ್ತು. ಗಾಡಿ ಕಟ್ಟಿಸಿ ಮೂವರೂ ಭಾಲ್ಕಿಗೆ ಬಂದರು, ಅಲ್ಲಿಂದ ರೈಲಿನಲ್ಲಿ ಬೀದರಿಗೆ. ಹೂ ಬಿದ್ದ ಕಣ್ಣಿಗೆ ಏನೂ ಮಾಡಲಾಗದು ಎಂದು ಡಾಕ್ಟರೇ ಹೇಳಿ ಕಳಿಸುತ್ತಾರೆ ಎಂಬುದು ಅಪ್ಪನ ಲೆಕ್ಕಾಚಾರ.

ಡಾಕ್ಟರ ಹೆಸರು ಮಹಮ್ಮದ ಇಸ್ಮಾಯಿಲ. ಬೀದರಿನವರೇ. ಕನ್ನಡ ಉರ್ದು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ, ನಿಧಾನದ ಮನುಷ್ಯ. ಅಜ್ಜಿಯ ರೆಪ್ಪೆ ಎತ್ತಿ ದೀಪ ಹಿಡಿದು ಬಹಳ ಹೊತ್ತು ನೋಡಿದರು.

"ಸೂಜಿ ಹಾಕಿದವ ಈ ಕಣ್ಣು ಮುಟ್ಟಲಿಲ್ಲ, ಅದೊಂದು ಪುಣ್ಯ ನೋಡ್ರಿ" ಎಂದರು. "ಸೂಜಿ ಹೂವಿಗೆ ತಾಕೂದಿಲ್ಲ, ಬಿಳಿ ಕಡೆಯಿಂದ ಹೋಗ್ತದ. ಅದಕ್ಕ ಜನಕ್ಕ ಅದು ಸಸಾರ ಕಾಣ್ತದ. ಆದ್ರ ಪೊರಿ ಹೊರಗ ಬರೂದಿಲ್ಲ, ಒಳಗೇ ಬಿದ್ದು ಕೊಳೀತದ. ನಾ ಚಾಕು ಹಾಕ್ತೇನಿ, ಪೊರಿ ಹೊರಗ ತೆಗೀತೇನಿ. ಅದರಾಗ ಮತ್ತ ಎರಡು ದಾರಿ ಅವ."

ಅಪ್ಪ ಯಾವ ದಾರಿ ಎಂದು ಕೇಳಿದ.

"ಪೊರಿನ ಚೀಲದ ಸಮೇತ ಇಡಿಯಾಗಿ ಎಳೀಬಹುದು. ಅದಕ್ಕ ಬಾಗಿಲು ದೊಡ್ಡದು ಬೇಕು, ಕರಿಗುಡ್ಡಿ ಸುತ್ತ ಅರ್ಧ ಕೊಯ್ಯಬೇಕು. ಇವ್ರದು ಮೊದಲೇ ಜಖಂ ಆದ ಗುಡ್ಡಿ, ಅಷ್ಟು ತಡಿಯೂದಿಲ್ಲ. ಇನ್ನೊಂದು, ಚೀಲ ಹರಿದು ಒಳಗಿನ ತಿರುಳಷ್ಟೇ ತೊಳೆದು ತೆಗಿಯೂದು. ಬಾಗಿಲು ಸಣ್ಣದು, ಗುಡ್ಡಿಗಿ ಪೆಟ್ಟು ಕಡಿಮಿ. ಆದ್ರ ಹೂವಿನ ಮರೆಯಾಗ ನನಗ ಒಳಗಿಂದು ಸರಿ ಕಾಣೂದಿಲ್ಲ, ಚೂರು ಉಳಿದ್ರ ಕಣ್ಣು ಕೆಂಪಾಗಿ ಕೂಡ್ತದ. ನಾ ಇದನ್ನೇ ಮಾಡ್ತೇನಿ. ಹೂ ಇಲ್ಲದ ಮ್ಯಾಲಿನ ಕಡೆ ಒಂದು ಖಿಡಕಿ ಕೊಯ್ತೇನಿ, ಅಲ್ಲಿಂದ ನೋಡಲಿ. ಆದ್ರ ಖರೆ ಹೇಳ್ತೇನಿ, ಈ ಗುಡ್ಡಿ ಮುಂದ ಕೆಲವು ವರ್ಷದಾಗ ಮತ್ತ ಮಂಜು ಕಟ್ತದ. ಅಲ್ಲಿ ತನಕ ಕಾಣ್ತದ."

"ಅಷ್ಟು ಸಾಕ್ರಿ" ಎಂದಳು ಅಜ್ಜಿ. ಆಮೇಲೆ ಸಂಕೋಚದಿಂದ ಒಂಟೆಗಳ ವಿಷಯ ತೆಗೆದಳು. ಡಾಕ್ಟರು ನಗಲಿಲ್ಲ. ಕಣ್ಣು ಹೋಗುತ್ತಿರುವ ಹಲವರಿಗೆ ಹೀಗೆ ಕಾಣುತ್ತದೆ, ನೋಡುವ ಚಾಳಿ ಬಿದ್ದ ತಲೆ ತಾನೇ ಏನೋ ಮಾಡಿಕೊಂಡು ನೋಡುತ್ತದೆ, ಇದು ಹುಚ್ಚೂ ಅಲ್ಲ ದೆವ್ವವೂ ಅಲ್ಲ ಎಂದರು. ಅಜ್ಜಿ ಅಲ್ಲೇ ಸೆರಗು ಬಾಯಿಗಿಟ್ಟುಕೊಂಡು ಅತ್ತಳಂತೆ.

"ಬಾವಿಕಟ್ಟಿ ಮ್ಯಾಲ ಕೂಡಾಕಿನೂ ಹಂಗೇ ಏನ್ರಿ?" ಎಂದು ಕೇಳಿದಳು. "ಆಕಿ ದಿನಾ ಒಂದೇ ವ್ಯಾಳ್ಯಾಕ್ಕ ಬರ್ತಾಳ. ನಡುನಡುವ ಕೆಮ್ತಾಳ."

ಡಾಕ್ಟರು ದೀಪ ಆರಿಸಿದರು. "ಒಂಟಿ ಸಪ್ಪಳ ಮಾಡ್ತಾವೇನು?"

"ಇಲ್ರಿ. ಹುಡುಗ್ರೂ ಮಾಡೂದಿಲ್ಲ."

"ಸಪ್ಪಳ ಮಾಡದವ್ರು ನನ್ನ ಪಾಲಿನವ್ರು, ಅವ್ರನ್ನ ನಾ ತೆಗೀತೇನಿ" ಎಂದರು ಡಾಕ್ಟರು. "ಕಣ್ಣಾಗ ಇದ್ದವ್ರು ಕೆಮ್ಮೂದಿಲ್ರಿ." ಹಾಗೆ ಹೇಳುವಾಗ ಅಪ್ಪನನ್ನು ನೋಡಿದರು. ಔರಾದಿನಲ್ಲಿ ಯಾವ ಮನೆ ಎಂದು ಕೇಳಿದರು. ಅಪ್ಪ ಹೇಳಿದ. ಅವರು ಕೈ ತೊಳೆಯಲು ಎದ್ದುಹೋದರು.

ಹೊರಗೆ ಬಂದದ್ದೇ ಅಪ್ಪ ವರಸೆ ಬದಲಿಸಿದ. ಚಾಕು ಬೇಡ, ಅವರೇ ಹೇಳಲಿಲ್ಲವೇ ಗುಡ್ಡೆ ಜಖಂ ಆಗಿದೆ ಎಂದು, ಭಾಲ್ಕಿಗೆ ಹೋಗೋಣ, ಗೋರಖನಾಥನ ಸೂಜಿಯೇ ವಾಸಿ, ಅದು ಹೂವನ್ನು ಮುಟ್ಟುವುದೇ ಇಲ್ಲ ಎಂದ. ಸೂಜಿಯಿಂದ ಬೆಳಕು ನೆರಳು ಕಂಡರೆ ಸಾಲದೇ, ಈ ವಯಸ್ಸಿಗೆ ಇನ್ನೇನು ನೋಡಬೇಕಾಗಿದೆ ಎಂದ. ಒಂದು ಕಣ್ಣು ತಿಂದವನ ಕೈಗೆ ಇನ್ನೊಂದನ್ನೂ ಕೊಡಲು ಹೊರಟಿದ್ದ ನಮ್ಮಪ್ಪ. ತಾಯಿಯ ಮೇಲಿನ ಅಕ್ಕರೆಯಿಂದಲೇ ಹಾಗೆಂದ ಎಂದು ಅವ್ವ ಕೊನೆಯವರೆಗೂ ವಾದಿಸಿದಳು. ಮಬ್ಬಾಗಿ ಕಂಡರೆ ಸಾಕು, ಚೊಕ್ಕ ಕಾಣುವುದು ಬೇಡ ಎಂಬುದು ಅವನ ಆಸೆ ಎಂದು ನಾನು ಹೇಳುತ್ತೇನೆ.

ಅಜ್ಜಿ ದವಾಖಾನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ನೀ ಊರಿಗಿ ನಡಿಯಪ್ಪ. ನಾ ಚಾಕು ಹಾಕಿಸ್ಕೊಂಡೇ ಬರ್ತೇನಿ" ಎಂದಳು. ಶಾಂತಾಬಾಯಿ ಅವಳ ಪಕ್ಕ ಕೂತಳು. ಇಬ್ಬರು ಮುದುಕಿಯರನ್ನು ಎಬ್ಬಿಸಿ ಎಳೆದೊಯ್ಯುವ ಧೈರ್ಯ ಅವನಿಗಿರಲಿಲ್ಲ.

ಚಾಕು ಹಾಕಿದ ಮೇಲೆ ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು, ಕಣ್ಣಿಗೆ ಪಟ್ಟಿ ಕಟ್ಟಿ, ಅಲ್ಲಾಡದಂತೆ ಮಲಗಿಸಿದರು. ಕೆಮ್ಮಬಾರದು, ನಗಬಾರದು, ಅಳಲೇಬಾರದು. ಆ ಕತ್ತಲೆಯಲ್ಲಿ ಅವರೆಲ್ಲ ಬಂದರು. ಒಂಟೆಗಳು ಬಂದವು, ಟೊಪ್ಪಿಗೆಯ ಹುಡುಗರು ಮಂಚದ ಸುತ್ತ ನಿಂತರು, ಹಸಿರು ರುಮಾಲಿನವರು ಬಾಗಿ ಬಾಗಿ ಮುಖ ನೋಡಿದರು. ಒಬ್ಬರೂ ಉಸಿರು ಬಿಡಲಿಲ್ಲ. ಅಜ್ಜಿ ಕಿವಿಗೊಟ್ಟು ಕಾದಳು. ಬಾವಿಕಟ್ಟೆಯವಳೊಬ್ಬಳು ಮಾತ್ರ ಬೀದರಿಗೆ ಬರಲಿಲ್ಲ. ಆಗ ತನಗೆ ನಿಜವಾಗಿ ಹೆದರಿಕೆಯಾಯಿತು ಎಂದು ಅಜ್ಜಿ ನನಗೆ ಹೇಳಿದ್ದಾಳೆ. ಬಂದವರಿಗಿಂತ ಬರದವಳಿಗೆ ಹೆದರಿದಳು.

ಪಟ್ಟಿ ಬಿಚ್ಚಿದಾಗ ಬೆಳಕು ಕಂಡಿತು, ಆಕಾರ ಕಾಣಲಿಲ್ಲ. ಪೊರೆ ತೆಗೆದ ಕಣ್ಣಿಗೆ ದಪ್ಪ ಗಾಜಿನ ಕನ್ನಡಕ ಬೇಕು, ಅದು ಹೈದರಾಬಾದಿನಿಂದ ಬರಬೇಕು. ಅಲ್ಲಿಯವರೆಗೆ ಭಾಲ್ಕಿಯಲ್ಲಿ ತಂಗಿಯ ಮನೆಯಲ್ಲಿದ್ದಳು. ಕನ್ನಡಕ ಬಂದ ದಿನ ಮೊದಲು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಆಮೇಲೆ ಕನ್ನಡಕ ಹಾಕಿಕೊಂಡಳು. ಲಿಂಗದ ನುಣುಪಾದ ಕರಿ ಹೊದಿಕೆಯ ಮೇಲೆ ಕಿಟಕಿಯ ಬೆಳಕಿನ ಒಂದು ಚುಕ್ಕೆ ಕೂತಿತ್ತು. ಡಾಕ್ಟರು ಅಳಬೇಡ ಎಂದದ್ದು ಆ ಹೊತ್ತಿಗೆ ಯಾರಿಗೆ ನೆನಪಿರುತ್ತದೆ? ಸುತ್ತ ನೋಡಿದಳು. ಗೋಡೆಯ ಮೇಲೆ ಹುಡುಗರಿಲ್ಲ, ಒಂಟೆಗಳಿಲ್ಲ. ಡಾಕ್ಟರು ತಮ್ಮ ಪಾಲಿನವರನ್ನೆಲ್ಲ ಕರೆದುಕೊಂಡು ಹೋಗಿದ್ದರು.

ಔರಾದಿಗೆ ಬಂದವಳು ಹಿತ್ತಲ ಬಾಗಿಲಲ್ಲಿ ಕೂತಳು. ಹೊತ್ತು ಮುಳುಗುವಾಗ ಹಿಂದಿನ ಬಿದ್ದ ಗೋಡೆಯ ಸಂದಿಯಿಂದ ಒಬ್ಬ ಹೆಂಗಸು ಒಳಗೆ ಬಂದು, ಸೀರೆ ಒಟ್ಟು ಮಾಡಿಕೊಂಡು ಬಾವಿಕಟ್ಟೆಯ ಮೇಲೆ ಕೂತಳು. ಅಜ್ಜಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಹೆಂಗಸು ಅಲ್ಲೇ ಇದ್ದಳು. ಸೀರೆಯ ತೇಪೆಯೂ ಕಾಣುತ್ತಿತ್ತು.

"ವಿಮಲಾ, ಅಲ್ಲಿ ಯಾರದಾರ?"

ಒಲೆಗೆ ಕುಳ್ಳು ಒಯ್ಯುತ್ತಿದ್ದ ಅವ್ವ ಬಾವಿಯ ಕಡೆ ಅರ್ಧ ತಿರುಗಿದ ಕುತ್ತಿಗೆಯನ್ನು ಹಿಂದಕ್ಕೆ ತಂದು, "ಯಾರಿಲ್ರಿ ಅತ್ತಿ" ಎಂದಳು. ಅಷ್ಟು ದಿನ ಅಜ್ಜಿ ಈ ಮಾತನ್ನು ಕೇಳಿದ್ದಳು. ಹೇಳುವಾಗ ಮುಖ ಹೇಗಿರುತ್ತದೆ ಎಂದು ನೋಡಿರಲಿಲ್ಲ. ಅಂದು ನೋಡಿದಳು. ಕಾಣದವರ ಮುಖ ಅದಲ್ಲ. ಕಂಡದ್ದನ್ನು ನುಂಗಿಕೊಂಡವರ ಮುಖ.

ಅಜ್ಜಿ ಎದ್ದು ಅಂಗಳ ದಾಟಿ ಹೋಗಿ ಆ ಹೆಂಗಸಿನ ಕೈ ಹಿಡಿದಳು. ಕೈ ಬೆಚ್ಚಗಿತ್ತು, ಒರಟಾಗಿತ್ತು. ಹೆದರಿ ಎದ್ದು ಹೋಗಲು ನೋಡಿದವಳು ಅವಳೇ.

"ನಾ ನಿಮಗ ಕಾಣಸ್ತೇನೇನ್ರಿ?" ಎಂದು ಅವಳು ಕೇಳಿದಳು.

ಅವಳ ಹೆಸರು ಅಜೀಜಾ ಬೇಗಂ. ಮನೆ ಅವರದಾಗಿತ್ತು. ಪೊಲೀಸ್ ಆಕ್ಷನ್ನಿನ ಆ ವಾರ, ಊರಿನ ರಜಾಕಾರರೆಲ್ಲ ಓಡಿಹೋದ ಮೇಲೆ, ಓಡದೆ ಉಳಿದ ಸಾಬರ ಮನೆಗಳಿಗೆ ಜನ ನುಗ್ಗಿದರು. ಗಂಡ ಉಸ್ಮಾನ ಮಿಯಾ ಗಾಡಿ ಗಾಲಿಗೆ ಕಬ್ಬಿಣದ ಹಳಿ ಕಟ್ಟುವವನು, ರಜಾಕಾರರ ಜೊತೆ ಒಂದು ದಿನ ಕೂತವನಲ್ಲ. ಅವನನ್ನೂ ಮಗ ಮಕ್ಬೂಲನನ್ನೂ ಇದೇ ಬಾವಿಗೆ ಹಾಕಿದರು. ಮಣ್ಣು ಮಾಡಲು ಮೈ ಸಿಗಲಿಲ್ಲ, ಬಾವಿಯೇ ಗೋರಿಯಾಯಿತು. ಈಗ ಊರ ಆಚೆ ತಮ್ಮನ ಗುಡಿಸಲಿನಲ್ಲಿದ್ದುಕೊಂಡು ಕೌದಿ ಹೊಲಿಯುತ್ತಾಳೆ, ಸಂಜೆ ಬಂದು ಕೂತು ಅವರಿಬ್ಬರಿಗಾಗಿ ದುವಾ ಓದಿ ಹೋಗುತ್ತಾಳೆ.

"ನಿಮ್ಮ ಮಗ, ಸಾವುಕಾರ್ರು, ಒಂದೇ ಮಾತು ಹೇಳಿದ್ರು" ಎಂದಳು. "ಬಂದು ಕೂಡು, ಹೋಗು. ಮನ್ಯಾಗಿನವ್ರ ಜೋಡಿ ಮಾತಾಡಬ್ಯಾಡ, ಅವ್ರೂ ನಿನ್ನ ನೋಡೂದಿಲ್ಲ ಅಂತ. ಒಬ್ರೂ ನೋಡಲಿಲ್ರಿ. ಒಮ್ಮೊಮ್ಮೆ ನನಗೇ ಅನ್ನಸ್ತದ, ನಾನೂ ಅವ್ರ ಜೋಡಿ ಕೆಳಗೇ ಇದ್ದೀನೇನೋ ಅಂತ. ನೀವೊಬ್ರೇ ರೊಟ್ಟಿ ಇಡ್ತಿದ್ರಿ. ಅದನ್ನ ತಿಂದಾಗಷ್ಟೇ, ಇಲ್ಲ, ಬದುಕೀನಿ ಅಂತ ತಿಳೀತಿತ್ತು."

ಅಜ್ಜಿ ಅವಳ ಕೈ ಬಿಡದೆ ಪಕ್ಕ ಕೂತಳು. ಸತ್ತವರಿಗೆಂದು ಎಡೆ ಇಟ್ಟಿದ್ದಳು, ಬದುಕಿದ್ದವಳು ಅದನ್ನು ಉಂಡಿದ್ದಳು. ಅದನ್ನು ಹೇಳುವುದು ಹೇಗೆ? ಕೊನೆಯವರೆಗೂ ಹೇಳಲಿಲ್ಲ.

ಅಪ್ಪ ಅಂಗಡಿ ಮುಚ್ಚಿ ಬಂದಾಗ ಇಬ್ಬರೂ ಹಾಗೆಯೇ ಕೈ ಹಿಡಿದು ಕೂತಿದ್ದರು. ಹಿತ್ತಲ ಬಾಗಿಲಲ್ಲಿ ನಿಂತುಬಿಟ್ಟ.

"ಹಾವಗೆಪ್ಪ, ಇಕಿ ಯಾರೋ?" ಎಂದಳು ಅಜ್ಜಿ.

ಅಪ್ಪ ನೇರ ಅಜೀಜಾ ಬೇಗಂಳ ಮೇಲೆ ಕಣ್ಣಿಟ್ಟೇ, "ಎಲ್ಲಿ ಅವ್ವ? ಯಾರೂ ಇಲ್ಲ" ಎಂದ.

"ನಾ ಹಿಡಿದ ಕೈ ಯಾರದು?"

ಅಪ್ಪ ಹೊಸ್ತಿಲ ಮೇಲೆ ಕೂತು, "ನೋಡಿದ್ರ ಮನಿ ಬಿಡಬೇಕಾಗ್ತದ ಅವ್ವ" ಎಂದ. "ನಮ್ಮದು ಸುಟ್ಟಾರ. ಅಪ್ಪನ್ನ ಸುಟ್ಟಾರ. ಈ ಕೂಸು ಎತ್ತಿಕೊಂಡು ನಾ ಎಲ್ಲಿ ಹೋಗಲಿ?"

"ನಿಮ್ಮಪ್ಪನ್ನ ಸುಟ್ಟವ್ರು ಬ್ಯಾರೆ. ಇಕಿ ಮನ್ಯಾಗ ಅವ್ರು ಇದ್ರೇನು?"

ಅಪ್ಪ ಎದ್ದು ಒಳಗೆ ಹೋದ. ನಾವು ಮನೆ ಬಿಡಲಿಲ್ಲ. ನಾನು ಆ ಮನೆಯಲ್ಲಿ ನಡೆಯಲು ಕಲಿತೆ, ಆ ಮನೆಯಿಂದಲೇ ಮದುವೆಯಾಗಿ ಹೋದೆ. ಬಿಟ್ಟುಕೊಡು ಎಂದು ಅಜ್ಜಿ ಹೇಳುತ್ತಲೇ ಇದ್ದಳು. ಅಜೀಜಾ ಬೇಗಂ ಮನೆ ಬೇಕೆಂದು ಕೇಳಲಿಲ್ಲ, ಅಪ್ಪ ಕೊಡಲಿಲ್ಲ. ಬದಲಾದದ್ದು ಇಷ್ಟೇ: ಸಂಜೆಯಾದರೆ ಅಜ್ಜಿ ಬಾವಿಕಟ್ಟೆಗೆ ಹೋಗಿ ಅವಳ ಪಕ್ಕ ಕೂಡುತ್ತಿದ್ದಳು. ಇವಳ ಅಂಗೈಯಲ್ಲಿ ಲಿಂಗ, ಅವಳ ಎರಡೂ ಕೈ ಮೇಲಕ್ಕೆ. ನಾನು ನಡುವೆ ಕೂತು ಇಬ್ಬರ ಸೆರಗನ್ನೂ ಗಂಟು ಹಾಕುತ್ತಿದ್ದೆ. ಅಪ್ಪ ಮಾತ್ರ ಅವಳನ್ನು ಆಗಲೂ ನೋಡಲಿಲ್ಲ. ನೋಡದೆ ದಾಟುತ್ತಿದ್ದ.

ಡಾಕ್ಟರು ಹೇಳಿದಂತೆಯೇ ಆಯಿತು. ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರಿಗೆ ಸೇರುವ ಹೊತ್ತಿಗೆ ಅಜ್ಜಿಯ ಕಾರ್ನಿಯಾ ಮಂಜು ಕಟ್ಟಿತು. ಒಂಟೆಗಳು ತಿರುಗಿ ಬಂದವು. ಅಜ್ಜಿ ಈ ಸಲ ಹೆದರಲಿಲ್ಲ, ಬಂದಿರೇನಪ್ಪ ಎಂದು ಅವನ್ನು ಮಾತಾಡಿಸುತ್ತಿದ್ದಳು. ಆ ಚಳಿಗಾಲ ಅಜೀಜಾ ಬೇಗಂ ಕೆಮ್ಮು ಹೆಚ್ಚಾಗಿ ಸತ್ತಳು. ಅಪ್ಪ ಅಂಗಡಿ ತೆರೆಯದೆ ಖಬರಸ್ತಾನದ ಹೊರಗೆ ದೂರದಲ್ಲಿ ನಿಂತು ಬಂದನಂತೆ. ಅವಳು ಸತ್ತದ್ದನ್ನು ಅಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಅಂದು ಸಂಜೆ ಅಜ್ಜಿ ಹಿತ್ತಲ ಬಾಗಿಲಲ್ಲಿ ಕೂತು, "ಹಾವಗೆಪ್ಪ, ಆಕಿ ಬಂದಾಳೇನು?" ಎಂದು ಕೇಳಿದಳು.

"ಬಂದಾಳ ಅವ್ವ" ಎಂದ ಅಪ್ಪ.

ನಾನು ಅಲ್ಲೇ ಇದ್ದೆ. ಕಟ್ಟೆ ಖಾಲಿಯಿತ್ತು. ತಾಯಿಯನ್ನು ಸಮಾಧಾನ ಮಾಡಲು ಸುಳ್ಳು ಹೇಳುತ್ತಾನೆ ಎಂದುಕೊಂಡೆ, ಮಕ್ಕಳಿಗೂ ಅಷ್ಟು ತಿಳಿಯುತ್ತದೆ. ಆದರೆ ಅವನು ಅಜ್ಜಿಯ ಕಡೆ ನೋಡುತ್ತಿರಲಿಲ್ಲ. ಕಟ್ಟೆಯ ಕಡೆ, ಕೂತವರ ಮುಖ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರಕ್ಕೆ ನೋಡುತ್ತಿದ್ದ.

"ಯಾಕ ಮಾತಾಡವಲ್ಲಳು?"

"ಸುಮ್ಮ ಕೂತಾಳ ಅವ್ವ. ನನ್ನೇ ನೋಡ್ಲಿಕತ್ತಾಳ."

ಅಜ್ಜಿ ಹೋದ ಮೇಲೆ ಕೇಳುವವರು ಯಾರೂ ಉಳಿಯಲಿಲ್ಲ. ಅಪ್ಪ ಮಾತ್ರ ಸಂಜೆಯಾದರೆ ಹಿತ್ತಲಿಗೆ ಹೋಗುವುದನ್ನು ಬಿಟ್ಟ. ಹೋಗಲೇಬೇಕಾದರೆ ಬಾವಿಯ ಹತ್ತಿರ ಬಂದು, ಕೂತವರ ಕಾಲು ತುಳಿಯದ ಹಾಗೆ ಸುತ್ತು ಹಾಕಿ ದಾಟುತ್ತಿದ್ದ. ಅವನಿಗೆ ವಯಸ್ಸಾದ ಮೇಲೆ ನಾನೇ ಬೀದರಿಗೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿದೆ. ಮಹಮ್ಮದ ಇಸ್ಮಾಯಿಲರು ಆಗ ಇರಲಿಲ್ಲ, ಯಾರೋ ಎಳೆಯ ಡಾಕ್ಟರು. ಯಂತ್ರದಲ್ಲಿ ಗದ್ದ ಇಡಿಸಿ ನೋಡಿ, ಈ ವಯಸ್ಸಿಗೆ ಇಷ್ಟು ಒಳ್ಳೆಯ ಕಣ್ಣು ನೋಡಿಲ್ಲ, ಕಾರ್ನಿಯಾ ಗಾಜಿನಂತಿದೆ, ಪೊರೆ ಇನ್ನೂ ಶುರುವೇ ಆಗಿಲ್ಲ ಎಂದರು.

ಅಪ್ಪ ಗದ್ದ ತೆಗೆಯಲಿಲ್ಲ.

"ಸರಿ ನೋಡ್ರಿ" ಎಂದ. "ತೆಗಿಲಿಕ್ಕ ಏನೂ ಇಲ್ಲೇನ್ರಿ?"